ನಾಟಕ ಬರೆದ ಕೋಣೆಗೆ ಬೀಗ ಬೇಡ



ನಮ್ಮ ಕಡೆ, ಎಂದರೆ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್.ನಗರ, ಎಚ್.ಡಿ.ಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ, ‘ಸಮುದಾಯ ಭವನ’ ಎಂಬ ಬೋರ್ಡು ಕಂಡರೆ ಜನ ಮೊದಲು ಕೇಳುವುದು ‘ಯಾವ ಜನಾಂಗದ್ದು?’ ಎಂದು. ಸಮುದಾಯ ಎಂದರೆ ಊರು, ಸಮುದಾಯ ಎಂದರೆ ಎಲ್ಲರೂ ಎಂಬ ಅರ್ಥ ನಿಘಂಟಿನಲ್ಲಿ ಉಳಿದಿದೆ; ಊರಿನಲ್ಲಿ ಅದು ಜಾತಿಗೆ ಇಟ್ಟ ಮರ್ಯಾದಸ್ಥ ಹೆಸರು. ಲೋಕೋಪಯೋಗಿ ಇಲಾಖೆಯಲ್ಲಿದ್ದ ಕಾಲದಲ್ಲಿ ಇಂಥ ಭವನಗಳ ಎಸ್ಟಿಮೇಟಿಗೆ ಎಷ್ಟು ಸಹಿ ಹಾಕಿದ್ದೇನೋ ಲೆಕ್ಕವಿಲ್ಲ. ಎಲ್ಲದರ ನಕ್ಷೆಯೂ ಒಂದೇ. ಒಂದು ವೇದಿಕೆ, ಒಂದು ಸಭಾಂಗಣ, ಹಿಂದೆ ಊಟದ ಹಾಲು, ಪಕ್ಕದಲ್ಲಿ ಅಡುಗೆ ಮನೆ, ವಧುವಿಗೊಂದು ವರನಿಗೊಂದು ಕೋಣೆ. ಮದುವೆಯ ತಿಂಗಳುಗಳಲ್ಲಿ ದೀಪ ಉರಿಯುತ್ತದೆ. ಉಳಿದ ತಿಂಗಳು ಪಾರಿವಾಳ.

ಈಗ ಇಂಥದೇ ಇನ್ನೊಂದು ಭವನದ ಮಾತು ನಮ್ಮ ಕಂಪಲಾಪುರದ ಆಸುಪಾಸಿನಲ್ಲಿ ಎದ್ದಿದೆ. ಆದ್ದರಿಂದ ಈ ಬರಹ.

ವಿಷಯ ಇಷ್ಟು. ನಮ್ಮ ಹೋಬಳಿಯಲ್ಲಿ ನಾಟಕದ ಮೇಷ್ಟ್ರೊಬ್ಬರಿದ್ದರು. ಹಳೇ ಮೈಸೂರಿನ ಹಳ್ಳಿಗಳನ್ನು ಬಲ್ಲವರಿಗೆ ನಾಟಕದ ಮೇಷ್ಟ್ರು ಎಂದರೆ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಹಾರ್ಮೋನಿಯಂ ಹೆಗಲಿಗೇರಿಸಿ ಊರೂರು ತಿರುಗಿ, ಅಕ್ಷರ ಬಾರದ ರೈತನ ಬಾಯಲ್ಲಿ ಕಂದ ಪದ್ಯ ಹೇಳಿಸಿ, ಎರಡು ಮೂರು ತಿಂಗಳಲ್ಲಿ ಅವನನ್ನು ಭೀಮನನ್ನಾಗಿಯೋ ದುರ್ಯೋಧನನನ್ನಾಗಿಯೋ ನಿಲ್ಲಿಸುವವರು ಅವರು. ಇವರು ಕಲಿಸಿದ್ದಷ್ಟೇ ಅಲ್ಲ, ಬರೆದವರು ಕೂಡ. ಹಳೆಯ ನಾಟಕಗಳನ್ನು ತಿದ್ದಿ ಕಟ್ಟಿದರು, ಶರಣರ ಮೇಲೆ ಹೊಸದಾಗಿ ಬರೆದರು. ಮನೆಯ ಪಡಸಾಲೆಗೆ ಅಂಟಿಕೊಂಡ ಒಂದು ಕೋಣೆ, ಹತ್ತಡಿಗೆ ಹದಿನಾಲ್ಕಡಿ. ಒಂದು ಕಿಟಕಿ, ಒಂದು ಇಳಿಜಾರು ಡೆಸ್ಕು, ಗೋಡೆಯಲ್ಲಿ ಮರದ ಬಾಗಿಲಿನ ಗೂಡು, ಗೂಡಿನ ತುಂಬ ಉದ್ದನೆಯ ಲೆಕ್ಕದ ಪುಸ್ತಕಗಳಲ್ಲಿ ಬರೆದ ನಾಟಕಗಳು. ಮೇಷ್ಟ್ರು ಲಿಂಗೈಕ್ಯರಾಗಿ ವರ್ಷಗಳಾದವು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮನೆಯನ್ನೂ ಹಿತ್ತಿಲನ್ನೂ ಮಠಕ್ಕೆ ಬರೆದುಕೊಡುತ್ತೇವೆ, ಊರಿಗೆ ಉಪಯೋಗವಾಗುವಂತೆ ಮಾಡಿ ಎಂದು ಕೈಮುಗಿದು ಹೇಳಿ ಹೋಗಿದ್ದಾರೆ.

ಭಕ್ತರ ಸಭೆ ಸೇರಿತು. ಮುಖಂಡರೊಬ್ಬರು ಎದ್ದು, ‘ಬುದ್ಧಿ, ಅದು ಮಣ್ಣಿನ ಗೋಡೆ ಮನೆ. ಇವತ್ತೋ ನಾಳೆಯೋ ಬೀಳ್ತದೆ. ಕೆಡವಿ ಅಚ್ಚುಕಟ್ಟಾಗಿ ಒಂದು ಸಮುದಾಯ ಭವನ ಕಟ್ಟೋಣ, ಮುಂದುಗಡೆ ಮೇಷ್ಟ್ರದ್ದೊಂದು ಪುತ್ಥಳಿ ಇಡೋಣ, ಅವರ ಹೆಸರೂ ಉಳೀತದೆ’ ಎಂದರು. ಅಂದಾಜು 48 ಲಕ್ಷ. ಕೂಡಿಸುವುದು ಕಷ್ಟವೇನಲ್ಲ ಎಂದರು. ನಾನು, ಆ ಮನೆ ಬೀಳುವುದಿಲ್ಲ, ಅದನ್ನು ಓದುವ ಮನೆ ಮಾಡೋಣ ಎಂದೆ. ‘ಇಂಜಿನಿಯರ್ ಸಾಹೇಬ್ರಿಗೆ ವಯಸ್ಸಾಯ್ತು, ಹಳೇದೆಲ್ಲ ಚೆಂದ ಕಾಣ್ತದೆ’ ಎಂದು ಯಾರೋ ನಕ್ಕರು. ಪೂಜ್ಯರು ಮಾತ್ರ ನಗಲಿಲ್ಲ. ಇಬ್ಬರೂ ಬರೆದುಕೊಂಡು ಬನ್ನಿ, ಮುಂದಿನ ಸಭೆಯಲ್ಲಿ ನೋಡೋಣ ಎಂದರು. ನಾನು ಬರೆದದ್ದನ್ನು ಸಭೆಗಿಂತ ಮೊದಲು ನಿಮ್ಮ ಮುಂದೆ ಇಡುತ್ತಿದ್ದೇನೆ. ಯಾಕೆಂದರೆ ಈ ಪ್ರಶ್ನೆ ನಮ್ಮ ಊರಿನದಷ್ಟೇ ಅಲ್ಲ. ಈ ಪತ್ರಿಕೆ ಹೋಗುವ ಪ್ರತಿ ಮಠದ ಹತ್ತಿರವೂ ಇಂಥದೊಂದು ಕೋಣೆ ಇರುತ್ತದೆ, ಅದನ್ನು ಕೆಡವಲು ಸಿದ್ಧರಾದ ಒಳ್ಳೆಯ ಜನರೂ ಇರುತ್ತಾರೆ.

ಮೇಷ್ಟ್ರು ಯಾವ ಜಾತಿ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ತಿಳಿದುಕೊಂಡು ಆಮೇಲೆ ಅಭಿಪ್ರಾಯ ಹೇಳುವವರ ಅಭಿಪ್ರಾಯ ನನಗೆ ಬೇಕಾಗಿಲ್ಲ.

ನಾಟಕ ಬರೆದವರ ಮನೆ ಊರಿನ ಮಕ್ಕಳು ಕಲಿಯುವ ಜಾಗವಾಗಬಹುದೇ ಎಂದು ಕೇಳುವವರು ಒಮ್ಮೆ ಪುತ್ತೂರಿಗೆ ಹೋಗಿ ಬರಲಿ. ನಮ್ಮಲ್ಲಿಂದ ಮಡಿಕೇರಿ ಘಾಟಿ ಇಳಿದರೆ ದೂರವೇನಿಲ್ಲ. ಪುತ್ತೂರಿನ ಪರ್ಲಡ್ಕದಲ್ಲಿ ಬಾಲವನ ಇದೆ. ಕೋಟ ಶಿವರಾಮ ಕಾರಂತರು ಸುಮಾರು ನಾಲ್ಕು ದಶಕ ಬಾಳಿದ ಊರು ಪುತ್ತೂರು. ಕಾರಂತರನ್ನು ನಾವು ಕಾದಂಬರಿಕಾರರೆಂದು ನೆನೆಯುತ್ತೇವೆ. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’ ಎಲ್ಲವೂ ಆ ಕಾಲದವೇ. ಆದರೆ ಅವರು ‘ಗರ್ಭಗುಡಿ’ಯಂಥ ನಾಟಕ ಬರೆದವರು, ಗೀತನಾಟಕ ಬರೆದವರು, ಸ್ವತಃ ಕುಣಿದವರು, ಯಕ್ಷಗಾನವನ್ನು ಹೊಸದಾಗಿ ಕಟ್ಟಲು ಹೊರಟವರು. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’, ಆಮೇಲೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದವರು. ಒಬ್ಬ ವ್ಯಕ್ತಿ ಕುಳಿತು ವಿಶ್ವಕೋಶ ಬರೆಯುವುದೆಂದರೆ ಏನು ಎಂದು, ಒಂದು ಸೇತುವೆಯ ವರದಿ ಬರೆಯುವಷ್ಟರಲ್ಲಿ ಬೆವರಿದ ನನ್ನಂಥವನಿಗೆ ಚೆನ್ನಾಗಿ ಗೊತ್ತು.

ಆ ಕಾರಂತರು 1930ರ ದಶಕದಲ್ಲಿಯೇ ತಮ್ಮ ಬರವಣಿಗೆಯ ಜಾಗದ ಸುತ್ತ ಮಕ್ಕಳನ್ನು ಸೇರಿಸಿದರು. ಬೆತ್ತವಿಲ್ಲದೆ, ಬಾಯಿಪಾಠವಿಲ್ಲದೆ, ಆಟ, ಹಾಡು, ಕುಣಿತ, ಚಿತ್ರ, ನಾಟಕಗಳ ಮೂಲಕ ಕಲಿಸಬೇಕೆಂದು ಪ್ರಯೋಗ ಮಾಡಿದರು. ಬಾಲವನ ಎಂಬ ಹೆಸರು ಹಾಗೆ ಬಂತು. ಆ ಶಾಲೆ ಅವರು ಬಯಸಿದಂತೆ ಬಹಳ ಕಾಲ ನಡೆಯಲಿಲ್ಲ. ಇರಲಿ. ಮುಂದೆ 1970ರ ದಶಕದಲ್ಲಿ ಅವರು ಪುತ್ತೂರು ಬಿಟ್ಟು ಹುಟ್ಟೂರಿನ ಕಡೆಗೆ, ಸಾಲಿಗ್ರಾಮಕ್ಕೆ ಹೋದರು. ಬಾಲವನ ಸರ್ಕಾರದ ಕೈಗೆ ಬಂತು. ಮನೆ ಹಾಳು ಬೀಳುವ ಸ್ಥಿತಿಗೆ ಬಂದದ್ದೂ ಉಂಟು. ಪತ್ರಿಕೆಗಳು ಬರೆದವು, ಸಾಹಿತಿಗಳು ಕೂಗಿದರು, ಕೊನೆಗೆ ದುರಸ್ತಿ ಆಯಿತು. ಈಗ ಅಲ್ಲಿ ಗ್ರಂಥಾಲಯವಿದೆ, ಅವರ ನಾಟ್ಯಶಾಲೆ ಇದೆ, ರಂಗಮಂದಿರವಿದೆ, ಮತ್ತೆ, ಓದುಗರು ನಗಬಾರದು, ಈಜುಕೊಳವಿದೆ. ಊರಿನ ಮಕ್ಕಳು ಅಲ್ಲಿ ಈಜು ಕಲಿಯುತ್ತಾರೆ.

ಸ್ಮಾರಕದ ಬಗ್ಗೆ ಮಾತಾಡುವ ನಮ್ಮ ಮುಖಂಡರು ಈ ಈಜುಕೊಳದ ಬಗ್ಗೆ ಸ್ವಲ್ಪ ಯೋಚಿಸಬೇಕು. ಜ್ಞಾನಪೀಠ ಪಡೆದ ಲೇಖಕನ ಅಂಗಳದಲ್ಲಿ ಚಡ್ಡಿ ಹಾಕಿಕೊಂಡ ಹುಡುಗರು ನೀರೆರಚಾಡುವುದು ಗೌರವವೇ? ಕಾರಂತರಿಗೆ ಅದಕ್ಕಿಂತ ದೊಡ್ಡ ಗೌರವ ಇರಲಾರದು. ಈಜಲು ಬಂದ ಹುಡುಗ ಗ್ರಂಥಾಲಯದ ಕಿಟಕಿಯಲ್ಲಿ ಇಣುಕುತ್ತಾನೆ. ಹತ್ತರಲ್ಲಿ ಒಬ್ಬ ಒಳಗೆ ಹೋಗುತ್ತಾನೆ. ಪುತ್ಥಳಿ ನೋಡಲು ಯಾವ ಹುಡುಗ ಎರಡನೇ ಸಲ ಬಂದದ್ದನ್ನು ನೀವು ಕಂಡಿದ್ದೀರಿ?

ಬಾಲವನದಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಸರ್ಕಾರದ ಜಾಗಕ್ಕೆ ಇರುವ ಎಲ್ಲ ಕಾಯಿಲೆ ಅಲ್ಲಿಗೂ ಬರುತ್ತದೆ. ಅನುದಾನ ಬಂದ ವರ್ಷ ಬಣ್ಣ, ಬಾರದ ವರ್ಷ ಬೂಸಲು. ಆದರೆ ದಿಕ್ಕು ಸರಿಯಿದೆ.

ಇದರ ಪಕ್ಕದಲ್ಲಿ ನಮ್ಮದೇ ಜಿಲ್ಲೆಯ ಇನ್ನೊಂದು ಮನೆಯನ್ನು ಇಟ್ಟು ನೋಡಿ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ.ನಾರಾಯಣರ ಮನೆ. ಅವರು ನಾಟಕಕಾರರಲ್ಲ, ಬರೆದದ್ದು ಇಂಗ್ಲಿಷಿನಲ್ಲಿ. ಆದರೂ ಬರೆಯುವ ಕೋಣೆಯ ಮಾತಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮಹಡಿಯ ಮೇಲೆ ಅರ್ಧವೃತ್ತಾಕಾರವಾಗಿ ಹೊರಗೆ ಚಾಚಿದ ಕೋಣೆ, ಸುತ್ತ ಕಿಟಕಿಗಳು. 2011ರಲ್ಲಿ ಆ ಮನೆಯನ್ನು ಕೆಡವಲು ಶುರುಮಾಡಿಯಾಗಿತ್ತು. ಸುದ್ದಿಯಾಯಿತು, ಕೆಲಸ ನಿಂತಿತು, ಮನೆಯನ್ನು ಉಳಿಸಿಕೊಂಡು ರಿಪೇರಿ ಮಾಡಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಉಳಿಸಿದವರಿಗೆ ನಮಸ್ಕಾರ. ಅವರ ಕೋಟು ಇದೆ, ಕನ್ನಡಕ ಇದೆ, ಪುಸ್ತಕಗಳಿವೆ. ನೋಡಿ ಹೊರಗೆ ಬರುತ್ತೀರಿ. ನಾನೂ ಹೋಗಿ ನೋಡಿ ಬಂದಿದ್ದೇನೆ. ಆ ಕಿಟಕಿಗಳ ಹತ್ತಿರ ನಾಲ್ಕು ಕುರ್ಚಿ ಹಾಕಿ, ಸರ್ಕಾರಿ ಶಾಲೆಯ ಮಕ್ಕಳನ್ನು ಕೂರಿಸಿ, ಕಂಡದ್ದನ್ನು ಬರೆಯಿರಿ ಎಂದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅಲ್ಲಿ ನಿಂತಾಗ ಅನಿಸಿತು.

ಕುಪ್ಪಳಿಯ ಕವಿಮನೆಯನ್ನು ನಾನು ಈ ಸಾಲಿಗೆ ಪೂರ್ತಿ ಸೇರಿಸುವುದಿಲ್ಲ. ಅಲ್ಲಿ ಮನೆ ಪ್ರದರ್ಶನಕ್ಕಿದ್ದರೂ ಸುತ್ತ ಅಧ್ಯಯನ ಕೇಂದ್ರ, ಶಿಬಿರ, ವಿಚಾರ ಸಂಕಿರಣ ಅಂತ ಬೇರೆ ಬೇರೆ ಚಟುವಟಿಕೆ ನಡೆಯುತ್ತವೆ. ‘ಜಲಗಾರ’ ನಾಟಕದಲ್ಲಿ ಶಿವನನ್ನೇ ಕಸ ಗುಡಿಸುವವನನ್ನಾಗಿ ತಂದು ನಿಲ್ಲಿಸಿದ ಕುವೆಂಪು ಅವರ ಮನೆ ಅದು. ಆದರೆ ಒಂದು ಮಾತು ನೆನಪಿರಲಿ. 2015ರ ನವೆಂಬರಿನಲ್ಲಿ ಕವಿಮನೆಗೆ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಹೊತ್ತೊಯ್ದರು. ಪುಸ್ತಕ ಹೋಯಿತೆಂದು ನಾನು ಕೇಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಏನಿಡುತ್ತೇವೋ ಅದಕ್ಕೆ ಕಳ್ಳ ಬರುತ್ತಾನೆ.

ಇನ್ನು ನನ್ನ ಕಸುಬಿನ ಮಾತು. ‘ಮಣ್ಣಿನ ಗೋಡೆ, ಬೀಳ್ತದೆ’ ಎಂದರಲ್ಲ, ಅದಕ್ಕೆ ಉತ್ತರ ಕೊಡಬೇಕು.

ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ತಾನಾಗಿ ಬೀಳುವುದಿಲ್ಲ. ತಲೆ ನೆನೆಯಬಾರದು, ಕಾಲು ನೆನೆಯಬಾರದು, ಅಷ್ಟೇ. ಮೇಲೆ ಹೆಂಚು ಸರಿಯಿದ್ದು, ಕೆಳಗೆ ಕಲ್ಲಿನ ತಳಪಾಯ ನೆಲದಿಂದ ಎರಡಡಿ ಎತ್ತರಕ್ಕಿದ್ದರೆ ಅದು ನಮ್ಮ ಮೊಮ್ಮಕ್ಕಳನ್ನೂ ನೋಡುತ್ತದೆ. ಹಾಗಾದರೆ ಹಳೆ ಮನೆಗಳು ಬೀಳುವುದು ಯಾಕೆ? ಬೀಗ ಹಾಕುವುದರಿಂದ. ಜನ ವಾಸವಿದ್ದ ಮನೆಯಲ್ಲಿ ಒಲೆ ಉರಿಯುತ್ತದೆ, ಹೊಗೆ ತೊಲೆ ಜಂತೆಗಳಿಗೆ ತಾಕುತ್ತದೆ, ಹುಳ ಬೀಳುವುದು ಕಡಿಮೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇರುವ ನಮ್ಮ ರೈತರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಎರಡು ವರ್ಷ ಬೆಂಕಿ ಕಾಣದ ಬ್ಯಾರನ್ನಿನ ಮರಮುಟ್ಟು ಹೇಗಾಗುತ್ತದೆಂದು ಅವರೇ ನನಗೆ ತೋರಿಸಿದ್ದಾರೆ. ಜನ ಇದ್ದ ಮನೆಯಲ್ಲಿ ದಿನಾ ಗುಡಿಸುತ್ತಾರೆ, ಗೆದ್ದಲಿನ ಮಣ್ಣಿನ ಗೆರೆ ಗೋಡೆ ಹತ್ತಿದ ದಿನವೇ ಕಣ್ಣಿಗೆ ಬೀಳುತ್ತದೆ. ಬೀಗ ಹಾಕಿದ ಮನೆಯಲ್ಲಿ ಮಂಗ ಒಂದು ಹೆಂಚು ಸರಿಸುತ್ತದೆ. ಯಾರೂ ನೋಡುವುದಿಲ್ಲ. ಆ ಸಂದಿನಿಂದ ಬಿದ್ದ ನೀರು ರೀಪಿನ ತುದಿಯನ್ನು ಕೊಳೆಸುತ್ತದೆ, ರೀಪು ಕುಸಿದು ಇನ್ನಷ್ಟು ಹೆಂಚು ಜಾರುತ್ತವೆ, ನೀರು ಗೋಡೆಯ ತಲೆಗೆ ಇಳಿಯುತ್ತದೆ. ಮೂರನೆಯ ಮಳೆಗಾಲಕ್ಕೆ ಗೋಡೆ ಉಬ್ಬುತ್ತದೆ. ಆಗ ನನ್ನಂಥ ಇಂಜಿನಿಯರನ್ನು ಕರೆದು ‘ಶಿಥಿಲ’ ಎಂದು ಬರೆಸಿಕೊಳ್ಳುತ್ತಾರೆ. ಆ ಒಂದು ಪದ ಸಿಕ್ಕರೆ ಸಾಕು, ಜೆಸಿಬಿ ಬಾಗಿಲಿಗೆ ಬಂದಂತೆಯೇ.

ಮೇಷ್ಟ್ರ ಮನೆಯನ್ನು ನಾನು ಏಣಿ ಹಾಕಿ ಹತ್ತಿ ನೋಡಿದ್ದೇನೆ. ಚಾವಣಿ ಸುಮಾರು 80 ಚದರ ಮೀಟರ್. ಮಂಗಳೂರು ಹೆಂಚು ಹತ್ತು ಚದರ ಮೀಟರಿಗೆ 150 ಹಿಡಿಯುತ್ತದೆ, ಅಂದರೆ ಒಟ್ಟು 1200. ಒಡೆದದ್ದು, ಜಾರಿದ್ದು ಎಲ್ಲ ಸೇರಿ ಹತ್ತರಲ್ಲೊಂದು ಭಾಗ. ಮೂರು ಜಂತೆ ಬದಲಿಸಬೇಕು. ಹಿತ್ತಿಲ ಕಡೆಯ ಗೋಡೆಗೆ ಯಾರೋ ಪುಣ್ಯಾತ್ಮರು ಸಿಮೆಂಟು ಗಾರೆ ಬಳಿದಿದ್ದಾರೆ, ಅದನ್ನು ಕೆತ್ತಿ ತೆಗೆಯಬೇಕು. ಮಣ್ಣಿನ ಗೋಡೆ ಉಸಿರಾಡುತ್ತದೆ. ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾಗದೆ ಗೋಡೆ ಒಳಗೊಳಗೇ ಪುಡಿಯಾಗುತ್ತದೆ. ಸುಣ್ಣದ ಗಾರೆ ಮಾಡಬೇಕು. ಹೊಸ ವೈರಿಂಗು, ಎರಡು ಶೌಚಾಲಯ (ಹೆಣ್ಣುಮಕ್ಕಳಿಗೆ ಬೇರೆ, ಇದಿಲ್ಲದೆ ಯಾವ ತಾಯಿಯೂ ಸಂಜೆ ಆರಕ್ಕೆ ಮಗಳನ್ನು ಕಳಿಸುವುದಿಲ್ಲ), ಗಾಲಿಕುರ್ಚಿಗೆ ಇಳಿಜಾರು, ಕಪಾಟು, ಬೆಂಚು. ಎಲ್ಲ ಸೇರಿ ನನ್ನ ಲೆಕ್ಕಕ್ಕೆ 7 ಲಕ್ಷ.

48ರಲ್ಲಿ 7 ಕಳೆದರೆ 41. ಅದರಲ್ಲಿ 30 ಲಕ್ಷವನ್ನು ಬ್ಯಾಂಕಿನಲ್ಲಿಡಿ. ನೂರಕ್ಕೆ 7ರಂತೆ ವರ್ಷಕ್ಕೆ 2 ಲಕ್ಷ 10 ಸಾವಿರ ಬರುತ್ತದೆ. ಓದುವ ಮನೆ ನೋಡಿಕೊಳ್ಳಲು ಊರಿನ ಓದಿದ ಹೆಣ್ಣುಮಗಳೊಬ್ಬಳಿಗೆ ತಿಂಗಳಿಗೆ 12,000, ವರ್ಷಕ್ಕೆ 1,44,000. ದಿನಪತ್ರಿಕೆ, ಮಾಸಪತ್ರಿಕೆ 15,000. ಹೊಸ ಪುಸ್ತಕ 20,000. ವಿದ್ಯುತ್ತು, ನೀರು 12,000. ಪ್ರತಿವರ್ಷ ಮಳೆಗೆ ಮೊದಲು ಹೆಂಚು ತಿರುಗಿಸಿ ಹಾಕಿ ಸುಣ್ಣ ಹೊಡೆಯಲು 15,000. ಒಟ್ಟು 2,06,000. ಇನ್ನೂ 11 ಲಕ್ಷ ಉಳಿದಿದೆ. ಊಟದ ಹಾಲು ಬೇಕೇ ಬೇಕು ಎನ್ನುವವರಿಗೆ ಹಿತ್ತಿಲಲ್ಲಿ ಒಂದು ಚಪ್ಪರ ಹಾಕಿಕೊಡೋಣ, ನನ್ನ ತಕರಾರಿಲ್ಲ.

ಕಟ್ಟುವುದಕ್ಕೆ ಕೊಡುವವರು ನಮ್ಮಲ್ಲಿ ಇದ್ದಾರೆ, ನಡೆಸುವುದಕ್ಕೆ ಕೊಡುವವರು ಇಲ್ಲ. ಗ್ರಾನೈಟಿನ ಮೇಲೆ ಹೆಸರು ಕೆತ್ತಿಸಬಹುದು. ಗ್ರಂಥಪಾಲಕಿಯ ಸಂಬಳದ ಮೇಲೆ ಯಾರ ಹೆಸರನ್ನು ಕೆತ್ತುವುದು? ನಾನು ಕೆಲಸ ಮಾಡಿದ ತಾಲ್ಲೂಕೊಂದರಲ್ಲಿ ಹಿರಿಯ ಬರಹಗಾರರೊಬ್ಬರ ಮನೆಯನ್ನು ಸ್ಮಾರಕ ಮಾಡಿದರು. ಕಾಂಪೌಂಡು, ಕಬ್ಬಿಣದ ಗೇಟು, ಪುತ್ಥಳಿ, ಹೈಮಾಸ್ಟ್ ದೀಪ. ಪುಸ್ತಕಕ್ಕೆ ಒಂದು ರೂಪಾಯಿ ಇಟ್ಟಿರಲಿಲ್ಲ, ಆಳಿಗೆ ಒಂದು ಹುದ್ದೆ ಇರಲಿಲ್ಲ. ಉದ್ಘಾಟನೆಯ ದಿನ ತೆರೆದ ಗೇಟಿನ ಬೀಗದ ಕೈ ಯಾವ ಕಚೇರಿಯಲ್ಲಿದೆ ಎಂದು ಮುಂದೆ ಮೂರು ಕಚೇರಿಗಳು ಪತ್ರ ಬರೆದುಕೊಂಡವು. ಆ ಕಡತವನ್ನು ನಾನು ಕಂಡಿದ್ದೇನೆ.

ನಮ್ಮ ಮಠಗಳಿಗೆ ನಾಟಕದವರ ಉಸಾಬರಿ ಯಾಕೆ ಎಂದು ಸಭೆಯಲ್ಲಿ ಇನ್ನೊಬ್ಬರು ಕೇಳಿದರು. ‘ಅವರು ಮಠಗಳನ್ನೇ ಬೈದು ಬರೀತಾರೆ, ಅವರಿಗೆ ನಾವು ಜಾಗ ಮಾಡಿಕೊಡಬೇಕಾ?’

ಹೌದು, ಬೈದು ಬರೆಯುತ್ತಾರೆ. ಬಸವಣ್ಣನವರ ಕಲ್ಯಾಣವನ್ನು ಕುರಿತು ಕನ್ನಡದಲ್ಲಿ ಬಂದ ಗಟ್ಟಿ ನಾಟಕಗಳನ್ನು ಎಣಿಸಿ. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್.ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’, ಎಂ.ಎಂ.ಕಲಬುರ್ಗಿಯವರ ‘ಕೆಟ್ಟಿತು ಕಲ್ಯಾಣ’. ಒಂದರಂತೆ ಇನ್ನೊಂದಿಲ್ಲ. ಕೆಲವು ಮಾತು ನನಗೂ ಒಪ್ಪಿಗೆಯಿಲ್ಲ. ‘ಮಹಾಚೈತ್ರ’ದ ಮೇಲೆ ನಮ್ಮವರೇ ಗಲಾಟೆ ಎಬ್ಬಿಸಿದರು, ಎಬ್ಬಿಸಿದವರಲ್ಲಿ ಎಷ್ಟು ಜನ ಅದನ್ನು ಓದಿದ್ದರು ಎಂದು ಆಗಲೂ ಕೇಳಿದ್ದೆ, ಈಗಲೂ ಕೇಳುತ್ತೇನೆ. ಆದರೆ ನಮ್ಮ ತಾಲ್ಲೂಕಿನ ಯಾವ ಶಾಖಾಮಠದ ಕಪಾಟಿನಲ್ಲಿ ಈ ನಾಲ್ಕೂ ನಾಟಕಗಳು ಒಟ್ಟಿಗೆ ಇವೆ? ನಾನು ಕಂಡ ಮಠಗಳಲ್ಲಿ ಎಲ್ಲೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಏನಾಯಿತೆಂದು ನಮ್ಮ ಹುಡುಗರು ಈಗ ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ನೋಡಿ ತಿಳಿದುಕೊಳ್ಳುತ್ತಿದ್ದಾರೆ. ನಾಲ್ಕು ನಾಟಕ ಓದಿ ನಾಲ್ಕರ ಜತೆಗೂ ಜಗಳವಾಡುವ ಹುಡುಗಿ ನನಗೆ ಬೇಕು. ಅವಳು ಕೂರಲು ಒಂದು ಬೆಂಚು ಬೇಕು.

ರಂಗಭೂಮಿ ಮಠಕ್ಕೆ ಹೊರಗಿನದು ಎನ್ನುವವರಿಗೆ ಸಾಣೇಹಳ್ಳಿ ಗೊತ್ತಿರಬೇಕಲ್ಲ. ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1997ರಲ್ಲಿ ಶಿವಸಂಚಾರ ಆರಂಭಿಸಿ ವರ್ಷವರ್ಷವೂ ನಾಟಕಗಳನ್ನು ನಾಡಿನ ಊರೂರಿಗೆ ಕಳಿಸುತ್ತಿದ್ದಾರೆ. ಸಣ್ಣ ಹಳ್ಳಿಯೊಂದರ ಮಠ ಅದು. ಅಲ್ಲಿ ಆದದ್ದು ಇಲ್ಲಿ ಆಗಬಾರದೆಂದು ಯಾರು ಹೇಳಿದರು?

ಇನ್ನೂ ಹಿಂದಕ್ಕೆ ಹೋಗಿ. ನಮ್ಮ ತಾತಂದಿರ ಬಾಯಲ್ಲಿ ‘ಮಠಕ್ಕೆ ಹೋಗುವುದು’ ಎಂದರೆ ಅಕ್ಷರ ಕಲಿಯಲು ಹೋಗುವುದು ಎಂದೇ ಅರ್ಥ. ಕೂಲಿಮಠ, ಐಗಳ ಮಠ ಎಂಬ ಮಾತುಗಳು ಹಾಗೆ ಬಂದವು. ಮರಳು ಹರಡಿ ಬೆರಳಿನಲ್ಲಿ ‘ಅ’ ತಿದ್ದಿಸುತ್ತಿದ್ದ ಜಾಗಕ್ಕೆ ಕನ್ನಡಿಗರು ಮಠ ಎಂದು ಕರೆದರು. ಶಾಲೆ ಎಂಬ ಅರ್ಥ ಆ ಪದದಿಂದ ಯಾವಾಗ ಜಾರಿ ಬಿತ್ತೋ ತಿಳಿಯದು, ಜಾರಿದ ಹೆಂಚಿನ ಹಾಗೆ ಯಾರೂ ಗಮನಿಸಲಿಲ್ಲ. ನಮ್ಮದೇ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದಲ್ಲಿ ಎಲ್ಲ ಕಳೆದುಕೊಂಡು ಬಂದ ಟಿಬೆಟನ್ನರನ್ನು ನೋಡಿ. ಅವರಲ್ಲಿ ಇಂದಿಗೂ ಮಠವೆಂದರೆ ಪಾಠ, ಚರ್ಚೆ, ಪುಸ್ತಕ. ನಾವು ಅಲ್ಲಿಗೆ ಚಿನ್ನದ ಬುದ್ಧನನ್ನು ನೋಡಲು ನೆಂಟರನ್ನು ಕರೆದುಕೊಂಡು ಹೋಗುತ್ತೇವೆ, ಪಕ್ಕದ ಪಾಠಶಾಲೆಯತ್ತ ತಲೆ ತಿರುಗಿಸುವುದಿಲ್ಲ.

ಫ.ಗು.ಹಳಕಟ್ಟಿಯವರ ಹೆಸರನ್ನು ನಮ್ಮ ಪ್ರತಿ ಸಭೆಯಲ್ಲೂ ಹೇಳುತ್ತಾರೆ. ವಚನಗಳ ಹಸ್ತಪ್ರತಿಗಳಿಗಾಗಿ ಊರೂರು ಅಲೆದ ಆ ವಕೀಲರು ವಿಜಯಪುರದಲ್ಲಿ ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ನಾಲ್ಕು ಜನ ಓದಲಿ ಎಂದು ಮನೆ ಮಾರಿದವರ ಫೋಟೋಗೆ ಹಾರ ಹಾಕಿ, ಪುಕ್ಕಟೆಯಾಗಿ ಬಂದ ಮನೆಯನ್ನು ಕೆಡವುವ ನಿರ್ಣಯ ಮಾಡುವುದು ನನಗೆ ಸರಿಕಾಣಲಿಲ್ಲ. ಹಳಕಟ್ಟಿಯವರು ತಾಳೆಗರಿ ಹುಡುಕಿಕೊಂಡು ಹೋದಾಗ ಎಷ್ಟೋ ಮನೆಗಳಲ್ಲಿ ಅವು ಅಟ್ಟದ ಮೇಲೆ ಹುಳ ತಿನ್ನುತ್ತಿದ್ದವು. ಮೇಷ್ಟ್ರ ಗೂಡಿನಲ್ಲಿರುವ ಲೆಕ್ಕದ ಪುಸ್ತಕಗಳಿಗೂ ಈಗ ಬೆಳ್ಳಿಮೀನು ಹತ್ತಿದೆ. ಕಲ್ಯಾಣದ ಕಾಲದ್ದಾದರೆ ಮಾತ್ರ ಹಸ್ತಪ್ರತಿಯೇ? ಒಂದು ಹೋಬಳಿಯ ಜನ ಅರ್ಧ ಶತಮಾನ ಆಡಿದ ನಾಟಕ, ತಿದ್ದಿದ ಮಾತು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ಪಾತ್ರಧಾರಿಗಳ ಹೆಸರು, ಯಾವ ಊರಿನಲ್ಲಿ ಯಾವ ರಾತ್ರಿ ಆಡಿದ್ದು ಎಂಬ ಲೆಕ್ಕ. ನಮ್ಮ ಪಕ್ಕದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದ ಚದುರಂಗರು ‘ವೈಶಾಖ’ ಕಾದಂಬರಿಯನ್ನೂ ‘ಕುಮಾರರಾಮ’, ‘ಇಲಿಬೋನು’ ನಾಟಕಗಳನ್ನೂ ಬರೆದರು. ಪುಸ್ತಕವಾಗಿ ಅಚ್ಚಾದದ್ದರಿಂದ ಉಳಿದವು. ಅಚ್ಚಾಗದ ಮೇಷ್ಟ್ರ ನಾಟಕಗಳು ಕೆಡವುವ ದಿನ ರದ್ದಿಯವನ ಸೈಕಲ್ಲಿಗೆ ಹೋಗುತ್ತವೆ.

ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. 500 ಕೋಟಿಯ ಯೋಜನೆ. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಎರಡಕ್ಕೂ ನಾನು ಸಂತೋಷಪಟ್ಟವನೇ. ಆದರೆ ಅನುಭವ ಮಂಟಪ ಎಂದರೆ ಮೊದಲು ಕೂತು ಮಾತಾಡಿದ ಜನ. ಅಂಬಿಗ, ಮಡಿವಾಳ, ಮಾದಾರ, ಡೋಹರ ಎಲ್ಲರೂ ಒಂದೇ ನೆಲದ ಮೇಲೆ ಕೂತರು. ನಕ್ಷೆ ಹೇಗಿತ್ತೋ ಯಾರಿಗೂ ಬೇಕಾಗಿಲ್ಲ. 500 ಕೋಟಿಯದನ್ನು ಬಸವಕಲ್ಯಾಣಕ್ಕೆ ಬಿಡಿ. 7 ಲಕ್ಷದ್ದು ಕಂಪಲಾಪುರದ ಹತ್ತಿರ ಆಗಲಿ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಓದುವ ಮನೆಗೆ ಒಪ್ಪಿದವರೂ ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ‘ಮಾಡೋಣ, ಆದ್ರೆ ನಮ್ಮ ಮಕ್ಕಳಿಗೆ ಅಂತ ಇರ್ಲಿ. ಎಲ್ರನ್ನೂ ಬಿಟ್ಟರೆ ನಾಳೆ ತೊಂದ್ರೆ’ ಎಂದರು. ತೊಂದರೆ ಏನು ಎಂದು ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಈ ಒಂದು ಷರತ್ತಿಗೆ ನಾನು ಒಪ್ಪುವುದಿಲ್ಲ. ಒಪ್ಪುವುದಾದರೆ ಅವರ ಭವನವೇ ಆಗಲಿ, ಅದಾದರೂ ತನ್ನ ಹೆಸರಿಗೆ ಊರಿನಲ್ಲಿರುವ ಅರ್ಥಕ್ಕೆ ತಕ್ಕಂತೆ ಇರುತ್ತದೆ. ನಾಗರಹೊಳೆಯ ಅಂಚಿನ ಹಾಡಿಗಳಲ್ಲಿ ಜೇನುಕುರುಬರ ಮಕ್ಕಳಿದ್ದಾರೆ. ಆಶ್ರಮ ಶಾಲೆಯಲ್ಲಿ ನಾಲ್ಕಾರು ತರಗತಿ ಓದಿ ನಡುವೆ ಬಿಟ್ಟವರು ಎಷ್ಟೋ. ಸೊಪ್ಪು ಕಟ್ಟುವ ಕಾಲದಲ್ಲಿ ನಮ್ಮ ಹೊಲಗಳಿಗೆ ಅವರ ಅಪ್ಪ ಅಮ್ಮ ಬೇಕು; ಹರಾಜು ಕಟ್ಟೆಯಲ್ಲಿ ಬೇಲು ಹೊರಲು ಕೇರಿಯ ಹುಡುಗರು ಬೇಕು. ಆ ದುಡಿಮೆಯಿಂದ ಬಂದ ಹಣದಲ್ಲಿ ಒಂದು ಪಾಲು ದಾಸೋಹಕ್ಕೆ ಬರುತ್ತದೆ, ಒಂದು ಪಾಲು ಈ 48 ಲಕ್ಷಕ್ಕೂ ಬರುತ್ತದೆ. ದಾಸೋಹದ ಪಂಕ್ತಿಯಲ್ಲಿ ಯಾರನ್ನೂ ಕೇಳದೆ ಅನ್ನ ಬಡಿಸುತ್ತೇವೆ ಎಂದು ಹೆಮ್ಮೆಪಡುವವರು ಪುಸ್ತಕಕ್ಕೆ ಪಂಕ್ತಿಭೇದ ಮಾಡುವುದು ಹೇಗೆ? ಮೇಷ್ಟ್ರ ನಾಟಕದಲ್ಲಿ ಪಾತ್ರ ಹಂಚುವಾಗ ದನಿ ನೋಡುತ್ತಿದ್ದರು. ಗೌಡರ ಮಗ ದ್ವಾರಪಾಲಕನಾದ, ಕೇರಿಯ ಹುಡುಗ ಕೃಷ್ಣನಾದ ರಾತ್ರಿಗಳನ್ನು ನಮ್ಮ ವಯಸ್ಸಿನವರು ಕಂಡಿದ್ದೇವೆ. ಬೆಳಗಾದ ಮೇಲೆ ಎಲ್ಲ ಮೊದಲಿನಂತೆ ಆಗುತ್ತಿತ್ತು, ನಿಜ. ಆ ರಾತ್ರಿಯನ್ನು ಸ್ವಲ್ಪ ಹಗಲಿಗೂ ಎಳೆಯಬೇಕೆಂಬುದೇ ನನ್ನ ಕೋರಿಕೆ.

ಆದ್ದರಿಂದ ದಾನಪತ್ರದಲ್ಲೇ ಬರೆಸಬೇಕು: ಜಾತಿ, ಮತ, ಲಿಂಗ ನೋಡದೆ ಎಲ್ಲರಿಗೂ ಪ್ರವೇಶ, ಬೀಗದ ಕೈ ಎರಡು, ಒಂದು ನೋಡಿಕೊಳ್ಳುವವಳ ಹತ್ತಿರ, ಇನ್ನೊಂದು ಊರಿನ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರ ಹತ್ತಿರ, ಸಮಿತಿಯಲ್ಲಿ ಅರ್ಧ ಜನ ಹೆಂಗಸರು, ಮದುವೆ, ನಾಮಕರಣಕ್ಕೆ ಕೊಡಕೂಡದು. ತೆರೆಯುವ ಹೊತ್ತು ಸಂಜೆ 4ರಿಂದ 8, ಭಾನುವಾರ ಪೂರ್ತಿ. ಸೊಪ್ಪಿನ ಕಾಲದಲ್ಲಿ ರಾತ್ರಿ 9ರ ತನಕ, ಏಕೆಂದರೆ ಆಗ ಮಕ್ಕಳಿಗೆ ಬಿಡುವಾಗುವುದೇ ಕತ್ತಲಾದ ಮೇಲೆ. ಮೇಷ್ಟ್ರ ಡೆಸ್ಕನ್ನು ಗಾಜಿನ ಹಿಂದೆ ಇಡಬಾರದು, ಕಿಟಕಿಯ ಹತ್ತಿರ ಅದು ಇದ್ದಲ್ಲೇ ಇರಲಿ, ಬರೆಯುವ ಮನಸ್ಸಿದ್ದವರು ಅದರ ಮೇಲೆಯೇ ಬರೆಯಲಿ. ಶಾಯಿ ಚೆಲ್ಲಿದರೆ ಚೆಲ್ಲಲಿ. ಮೊದಲೇ ಸಾಕಷ್ಟು ಚೆಲ್ಲಿದೆ. ಹಾರ್ಮೋನಿಯಮ್ಮಿನ ತಿದಿ ಹರಿದಿದೆ, ಮೈಸೂರಿನಲ್ಲಿ ರಿಪೇರಿ ಮಾಡುವವರಿದ್ದಾರೆ. ಲೆಕ್ಕದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿ ಒಂದು ಪ್ರತಿಯನ್ನು ಮೈಸೂರಿನ ವಿಶ್ವವಿದ್ಯಾಲಯಕ್ಕೆ ಕೊಡಬೇಕು. ವರ್ಷಕ್ಕೊಮ್ಮೆ ಆ ಅಂಗಳದಲ್ಲಿ ಮೇಷ್ಟ್ರ ನಾಟಕವೊಂದನ್ನು ಊರಿನ ಮಕ್ಕಳು, ಹೆಣ್ಣುಮಕ್ಕಳೂ ಸೇರಿ, ಆಡಬೇಕು.

ಪುತ್ಥಳಿಗೆ ನಾನು ಹಣ ಕೊಡುವುದಿಲ್ಲ. ಕಪಾಟಿಗೆ ನನ್ನ ಒಂದು ತಿಂಗಳ ಪಿಂಚಣಿ ಕೊಡುತ್ತೇನೆ, ರಸೀದಿಯಲ್ಲಿ ಹೆಸರು ಬೇಡ.

ಮುಂದಿನ ಸಭೆ ಯಾವಾಗ ಎಂದು ಪೂಜ್ಯರು ಇನ್ನೂ ತಿಳಿಸಿಲ್ಲ. ಸಭೆ ತಡವಾದರೂ ಮಳೆ ತಡವಾಗುವುದಿಲ್ಲ. ಬರೆಯುವ ಕೋಣೆಯ ಮೇಲೆ, ಕಿಟಕಿಯಿಂದ ಬಲಕ್ಕೆ, ಹನ್ನೊಂದು ಹೆಂಚು ಜಾರಿವೆ. ಅದರ ಕೆಳಗೇ ನಾಟಕಗಳ ಗೂಡು ಇದೆ. ಈ ಭಾನುವಾರ ಬೆಳಿಗ್ಗೆ ಏಳಕ್ಕೆ ನಾನೂ ಇಬ್ಬರು ಹುಡುಗರೂ ಹೋಗಿ ಅವನ್ನು ಕೂರಿಸಿ ಬರುತ್ತೇವೆ. ಏಣಿ ನನ್ನ ಮನೆಯಲ್ಲೇ ಇದೆ. ಕೆಳಗೆ ನಿಂತು ಹೆಂಚು ಕೊಡಲು ಇನ್ನೂ ನಾಲ್ಕು ಕೈ ಬೇಕು.